ಸಾಲ್ಮನ್ ಮೀನು, ಮನೆಯ ತರಕಾರಿ: ಅಪ್ಪ-ಅಮ್ಮನ 40ನೇ ವರ್ಷಕ್ಕೆ ಒಂದು ಚಂದದ ತಟ್ಟೆ ಮಾಡಬೇಕು, ಹೇಳಿಕೊಡಿ

ಆಲ್ದೂರಿನ_ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರಕ್ಕೆ ನಮ್ಮ ಅಪ್ಪ-ಅಮ್ಮನ ಮದುವೆಯಾಗಿ 40 ವರ್ಷ. ಅವತ್ತು ರಾತ್ರಿ ಊಟಕ್ಕೆ ನಾವು ಆರು ಜನ: ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ನಾನು. ಅಣ್ಣ ಬೆಂಗಳೂರಿನಿಂದ ಬರುವಾಗ ಸಾಲ್ಮನ್ ತರ್ತಾನೆ. ಚರ್ಮ ಸಮೇತ ಇರೋ ತುಂಡುಗಳು, ಒಂದೊಂದು ಸುಮಾರು 150 ಗ್ರಾಂ, ಫ್ರೀಜ್ ಆಗಿದ್ದು. ಜುಲೈ ತಿಂಗಳಲ್ಲಿ ನಮ್ಮ ಕಡೆ ಸಮುದ್ರದ ಒಳ್ಳೆ ಮೀನು ಸಿಗೋದು ಕಷ್ಟ, ಅದಕ್ಕೇ ಈ ಯೋಚನೆ.

ಹೋದ ತಿಂಗಳು ಎರಡು ತುಂಡು ತರಿಸಿ ಮಾಡಿ ನೋಡಿದ್ದೆ. ಚರ್ಮ ಪೂರ್ತಿ ಬಾಣಲೆಗೇ ಕಚ್ಚಿಕೊಂಡು ಉಳೀತು. ಮೀನಿನ ಮೈಮೇಲೆ ಬೆಳ್ಳಗೆ, ಒಡೆದ ಹಾಲಿನ ಥರ ಏನೋ ಉಕ್ಕಿ ಬಂತು. ಬೀಟ್ರೂಟ್ ನೀರು ಹರಿದು ಆಲೂಗಡ್ಡೆ, ಬೀನ್ಸ್ ಎಲ್ಲಾ ಒಂದೇ ಬಣ್ಣ ಆಯ್ತು. ಅಮ್ಮ ಒಂದು ಚೂರೂ ಬಿಡದೆ ತಿಂದು, "ಚೆನ್ನಾಗಿದೆ ಕಣೇ, ಖಾರ ಹಾಕೋದು ಮರೆತ್ಯಾ?" ಅಂದ್ರು. ಅವತ್ತಿನಿಂದ ಇದನ್ನ ಸರಿಯಾಗಿ ಕಲೀಲೇಬೇಕು ಅಂತ ಹಟ ಹಿಡಿದಿದೀನಿ.

ಮನೇಲಿ ಎಳೇ ಬೀನ್ಸ್, ಕ್ಯಾರೆಟ್, ಆಲೂಗಡ್ಡೆ, ಬೀಟ್ರೂಟ್ ಇದೆ. ಹಿತ್ತಲಲ್ಲಿ ಗಜನಿಂಬೆ ಗಿಡ, ಜೀರಿಗೆ ಮೆಣಸಿನ (ಪುಟ್ಟ, ತುಂಬಾ ಖಾರದ ಮೆಣಸಿನಕಾಯಿ) ಗಿಡ ಇದೆ. ಕಾಳುಮೆಣಸು ನಮ್ಮದೇ. ಓವನ್ ಇಲ್ಲ, ಗ್ಯಾಸ್ ಒಲೆ ಎರಡು ಬರ್ನರ್, ಒಂದು ಕಬ್ಬಿಣದ ದೋಸೆ ಕಾವಲಿ, ಒಂದು ನಾನ್‌ಸ್ಟಿಕ್ ಪ್ಯಾನ್. ಇಷ್ಟರಲ್ಲಿ ಆಗುತ್ತಾ?

ರಾತ್ರಿಪಾಳಿ_ಕುಕ್

ಖಂಡಿತ ಆಗುತ್ತೆ ಅಕ್ಕ. ನಾನು ಗಿರಿ ಕಡೆಯ ಒಂದು ರೆಸಾರ್ಟಿನ ಅಡುಗೆಮನೇಲಿ ಒಂಬತ್ತು ವರ್ಷದಿಂದ ಇದೀನಿ, ಮೀನಿನ ಕೆಲಸ ನನ್ನದೇ. ನಿಮ್ಮ ಮೂರು ತೊಂದರೆಗಳಲ್ಲಿ ಎರಡಕ್ಕೆ ಕಾರಣ ಒಂದೇ, ನೀರು.

ಮೊದಲು ಮೀನು ಕರಗಿಸೋದು. ಶನಿವಾರ ರಾತ್ರಿ ಫ್ರೀಜರಿನಿಂದ ತೆಗೆದು ಫ್ರಿಜ್‌ನ ಕೆಳಗಿನ ಶೆಲ್ಫಿಗೆ ಹಾಕಿ. ಪ್ಯಾಕೆಟ್ ಗಾಳಿ ತೆಗೆದು ಅಂಟಿಸಿದ್ದಾಗಿದ್ರೆ ಕರಗಿಸೋಕೆ ಮುಂಚೆನೇ ಕತ್ತರಿಸಿ ಬಿಡಿಸಿಬಿಡಿ, ಇದನ್ನ ಮರೀಬೇಡಿ. ಗಾಳಿ ಇಲ್ಲದ ಜಾಗದಲ್ಲಿ ಬೆಳೆದು ಬಾಟ್ಯುಲಿಸಂ ಅನ್ನೋ ಜೀವಕ್ಕೇ ಅಪಾಯದ ವಿಷಬಾಧೆ ತರೋ ಬ್ಯಾಕ್ಟೀರಿಯಾ ಮೀನಿನಲ್ಲಿ ಇರಬಹುದು, ಫ್ರಿಜ್‌ನ ತಂಪಲ್ಲೂ ಬೆಳೆಯೋ ಬಗೆ ಅದರಲ್ಲಿದೆ. ಬಿಸಿನೀರಲ್ಲಿ ಮುಳುಗಿಸಿ ಕರಗಿಸೋದಂತೂ ಬೇಡವೇ ಬೇಡ, ಹೊರಗಿನ ಪದರ ಅರ್ಧ ಬೆಂದು ಒಳಗೆ ಕಲ್ಲಾಗಿರುತ್ತೆ.

ಭಾನುವಾರ ಸಂಜೆ 1 ಲೀಟರ್ ತಣ್ಣೀರಿಗೆ 50 ಗ್ರಾಂ ಉಪ್ಪು ಕರಗಿಸಿ ತುಂಡುಗಳನ್ನ 15 ನಿಮಿಷ ಅದರಲ್ಲಿಡಿ. ನೀವು ನೋಡಿದ ಆ ಬಿಳಿ ಪದಾರ್ಥ ಕೊಬ್ಬಲ್ಲ, ಆಲ್ಬುಮಿನ್ ಅನ್ನೋ ಪ್ರೋಟೀನು. ಶಾಖಕ್ಕೆ ಮಾಂಸ ಬಿಗಿಯಾದಾಗ ಹಿಂಡಿಕೊಂಡು ಹೊರಗೆ ಬಂದು ಗಟ್ಟಿಯಾಗುತ್ತೆ. ಉಪ್ಪುನೀರಲ್ಲಿ ಇಟ್ಟರೆ ಬರೋದು ಕಮ್ಮಿ ಆಗುತ್ತೆ, ಉರಿ ಹದವಾಗಿದ್ರೆ ಇನ್ನೂ ಕಮ್ಮಿ. ತಿಂದರೆ ಏನೂ ಆಗಲ್ಲ, ನೋಡೋಕೆ ಚಂದ ಇರಲ್ಲ ಅಷ್ಟೇ.

ಉಪ್ಪುನೀರಿಂದ ತೆಗೆದ ಮೇಲೆ ಒರೆಸೋದು. ಇದಕ್ಕೆ ನಾವು ಟಿಶ್ಯೂ ಬಳಸ್ತೀವಿ, ಮನೇಲಿ ಹಳೇ ಪಂಚೆ ಬಟ್ಟೆ ಅದಕ್ಕಿಂತ ಒಳ್ಳೇದು. ಒರೆಸಿದ ಮೇಲೆ ಚಾಕುವಿನ ಬೆನ್ನಿನಿಂದ ಚರ್ಮದ ಮೇಲೆ ಮೆಲ್ಲಗೆ ಒತ್ತಿ ಎಳೀರಿ, ಕಾರಿನ ಗಾಜಿನ ವೈಪರ್ ಎಳೆದ ಹಾಗೆ. ಒಣಗಿದೆ ಅಂದುಕೊಂಡ ಚರ್ಮದಿಂದ ಮತ್ತೆ ಸಣ್ಣಗೆ ನೀರು ಬರುತ್ತೆ, ಬೂದು ಬಣ್ಣದ್ದು. ಮತ್ತೆ ಒರೆಸಿ. ಮೂರು ಸಲ. ಆಮೇಲೆ ಚರ್ಮ ಮೇಲೆ ಮಾಡಿ, ಮುಚ್ಚದೆ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಬೆರಳಲ್ಲಿ ಮುಟ್ಟಿದ್ರೆ ಕಾಗದದ ಥರ ಅನ್ನಿಸಬೇಕು. ಹಂಗೇ ಮಾಂಸದ ಮೇಲೆ ಬೆರಳಾಡಿಸಿ ನೋಡಿ, ನಡು ಗೆರೆಯಲ್ಲಿ ಸಣ್ಣ ಮುಳ್ಳು ಸಿಕ್ಕರೆ ಚಿಮಟದಲ್ಲಿ ತಲೆ ಕಡೆಗೆ ಓರೆಯಾಗಿ ಎಳೀರಿ. ನೆಟ್ಟಗೆ ಮೇಲಕ್ಕೆ ಎಳೆದ್ರೆ ಮಾಂಸ ಹರಿಯುತ್ತೆ.

ಹುರಿಯೋದು ನಾಳೆ ಬರೀತೀನಿ, ಡ್ಯೂಟಿಗೆ ಹೊತ್ತಾಯ್ತು.

ಅಜ್ಜಿಯ_ಒಲೆ

ತಂಗೀ, ಒಳ್ಳೆ ಕೆಲಸ ಮಾಡ್ತಿದೀಯ. ಆದರೆ ನನ್ನ ಮನಸ್ಸಿಗೆ ಬಂದಿದ್ದು ಹೇಳ್ತೀನಿ. ಅರಿಶಿನ, ಖಾರ, ಹುಳಿ ಇಲ್ಲದ ಮೀನು ನಮ್ಮ ನಾಲಿಗೆಗೆ ಹಿಡಿಸಲ್ಲ. ನಿಮ್ಮಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ. ನಲವತ್ತು ವರ್ಷ ಉಪ್ಪಾಗೆ ಹುಳಿ ಹಾಕಿ ಮೀನು ಮಾಡಿದ ಕೈ ಅದು. ಚಂದ ಕಾಣಲಿ ಅಂತ ರುಚಿ ಬಿಡಬೇಡ. ಮಸಾಲೆ ಹಚ್ಚಿ ಹುರಿದರೆ ಏನಾಗುತ್ತೆ?

ರಾತ್ರಿಪಾಳಿ_ಕುಕ್

ಅಮ್ಮ, ನಿಮ್ಮ ಮಾತನ್ನ ತಳ್ಳಿಹಾಕಲ್ಲ. ಸಾಲ್ಮನ್‌ಗೆ ಹಸಿ ಮಸಾಲೆ ಹಚ್ಚಿದ್ರೆ ಎರಡು ತೊಂದರೆ. ಮಸಾಲೆಯ ನೀರು ಚರ್ಮವನ್ನ ಗರಿಗರಿ ಆಗೋಕೆ ಬಿಡಲ್ಲ. ಎರಡನೇದು, ಈ ಮೀನಿನಲ್ಲಿ ಕೊಬ್ಬು ಜಾಸ್ತಿ, ಸಾಕಣೆಯದ್ದಾದ್ರೆ 100 ಗ್ರಾಂಗೆ ಸುಮಾರು 13 ಗ್ರಾಂ. ಆ ಕೊಬ್ಬಿನದೇ ಒಂದು ರುಚಿ ಇದೆ, ಮೆಣಸಿನಪುಡಿ ಕರಟಿದರೆ ಅದು ಮುಚ್ಚಿಹೋಗುತ್ತೆ. ಖಾರ, ಹುಳಿ ಎರಡೂ ಬೇಕು, ಆದರೆ ಪಕ್ಕದಲ್ಲಿ ಇರಲಿ, ಮೀನಿನ ಮೈಮೇಲೆ ಬೇಡ ಅಂತ ನನ್ನ ಅಭಿಪ್ರಾಯ.

ಅಜ್ಜಿಯ_ಒಲೆ

ಪಕ್ಕದಲ್ಲಿ ಅಂದ್ರೆ ಜೀರಿಗೆ ಮೆಣಸಿನ ಚಟ್ನಿ ಮಾಡು ತಂಗಿ. ಹಸಿ ಜೀರಿಗೆ ಮೆಣಸು, ಉಪ್ಪು, ಎರಡು ಎಸಳು ಬೆಳ್ಳುಳ್ಳಿ, ಗಜನಿಂಬೆ ರಸ, ಕೊಬ್ಬರಿ ಎಣ್ಣೆ ಒಂದು ಚಮಚ. ಒರಳಲ್ಲಿ ಜಜ್ಜು, ನುಣ್ಣಗೆ ಅರೀಬೇಡ. ಆರು ಜನಕ್ಕೆ ಎಂಟು ಹತ್ತು ಮೆಣಸು ಸಾಕು.

ಘಟ್ಟದ_ಕೆಳಗಿನವ

ಒಂದು ಎಚ್ಚರಿಕೆ ಮಾರಾಯ್ರೆ. ಅಣ್ಣನಿಗೆ ಹೇಳಿ, ಅಂಗಡಿಯಲ್ಲಿ "ಇಂಡಿಯನ್ ಸಾಲ್ಮನ್" ಅಂತ ಬರೆದಿದ್ದು ಇದೇ ಅಂದುಕೊಂಡು ತರಬೇಡಿ. ಅದು ರಾವಸ್. ಒಳ್ಳೆಯ ಮೀನು, ನನಗೆ ಕೇಳಿದರೆ ಸಾಲ್ಮನ್‌ಗಿಂತ ಅದೇ ಇಷ್ಟ, ಆದರೆ ಅದರ ಕುಲವೇ ಬೇರೆ. ಸಾಲ್ಮನ್ ತಣ್ಣನೆಯ ಸಮುದ್ರದ ಮೀನು, ಮೊಟ್ಟೆ ಇಡೋಕೆ ನದಿಗೆ ಏರಿ ಬರುತ್ತದೆ. ನಮ್ಮಲ್ಲಿಗೆ ಬರುವುದು ಬಹುಪಾಲು ನಾರ್ವೆ ಕಡೆ ಸಾಕಿದ ಅಟ್ಲಾಂಟಿಕ್ ಸಾಲ್ಮನ್. ರಾವಸ್ ಮಾಂಸ ಬಿಳುಪು, ಬೇಯುವ ಹೊತ್ತೂ ಬೇರೆ.

ಇನ್ನು ಈ ತಿಂಗಳು ಮೀನು ಯಾಕಿಲ್ಲ ಅಂದರೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ. ಮಳೆಗಾಲ ಮುಗಿದ ಮೇಲೆ ಚಾರ್ಮಾಡಿ ಹತ್ತಿ ಬರುವ ಗಾಡಿಯವರಿಗೆ ಹೇಳಿ ಒಂದು ರಾವಸ್ ತರಿಸಿ, ಇದೇ ಕ್ರಮದಲ್ಲಿ ಚರ್ಮ ಬಿಟ್ಟು ಹುರಿದು ನೋಡಿ. ಅಷ್ಟು ದೂರದ ಮೀನಿಗೆ ಅಷ್ಟೊಂದು ದುಡ್ಡು ಕೊಡುವ ಅಗತ್ಯ ಇಲ್ಲ ಅಂತ ನಿಮಗೇ ಅನ್ನಿಸಬಹುದು.

ಆಲ್ದೂರಿನ_ಅಡುಗೆಮನೆ

ಧನ್ಯವಾದ ಅಣ್ಣ, ರಾವಸ್ ಖಂಡಿತ ಮಾಡ್ತೀನಿ. ಈ ಸಲ ಮಾತ್ರ ಸಾಲ್ಮನ್ನೇ. ಅಪ್ಪ ಟಿವಿಯಲ್ಲಿ ಅದು ನದಿಯಲ್ಲಿ ಎದುರು ಹಾರೋದನ್ನ ನೋಡಿ, ನಮ್ಮ ಹಳ್ಳದಲ್ಲಿ ಮೊದಲ ಮಳೆಗೆ ಮೀನು ಹತ್ತೋ ಹಾಗೇ ಅಂತ ಖುಷಿಪಟ್ಟಿದ್ರು. ಒಂದು ಸಲ ತಿನ್ನಬೇಕು ಅಂದಿದ್ರು.

ಕಡೂರು_ಎಕ್ಸ್‌ಪ್ರೆಸ್

ಆ ಕಿತ್ತಳೆ ಬಣ್ಣ ಹಾಕಿದ ಬಣ್ಣವಾ? ಯಾರೋ ಹಾಗೆ ಹೇಳಿದ್ರು, ಅವತ್ತಿಂದ ನಾನು ಮುಟ್ಟಿಲ್ಲ.

ರಾತ್ರಿಪಾಳಿ_ಕುಕ್

ಮೀನಿಗೆ ಬಳಿದಿದ್ದಲ್ಲ ಸರ್. ಅಸ್ಟಾಕ್ಸಾಂಥಿನ್ ಅಂತ ಒಂದು ವಸ್ತು, ಸಿಗಡಿಯಂಥ ಸಣ್ಣ ಜೀವಿಗಳಲ್ಲಿ ಇರುತ್ತೆ. ಕಾಡು ಸಾಲ್ಮನ್ ಅವನ್ನ ತಿಂದು ಕೆಂಪಾಗುತ್ತೆ. ಸಾಕಿದ ಮೀನಿಗೆ ಅದೇ ವಸ್ತುವನ್ನ ಮೇವಿನಲ್ಲಿ ಸೇರಿಸ್ತಾರೆ, ಇಲ್ಲದಿದ್ರೆ ಮಾಂಸ ಬೂದುಬಣ್ಣ ಇರುತ್ತೆ.

ಈಗ ಹುರಿಯೋದು. ಅಕ್ಕ, ಮೊದಲ ಸಲಕ್ಕೆ ನಾನ್‌ಸ್ಟಿಕ್ ತಗೊಳ್ಳಿ. ಕಬ್ಬಿಣದ ಕಾವಲಿ ಚೆನ್ನಾಗಿ ಪಳಗಿದ್ರೆ ಅದರಷ್ಟು ಒಳ್ಳೇದು ಯಾವುದೂ ಇಲ್ಲ, ಆದ್ರೆ ದೋಸೆ ಕಾವಲಿಗೆ ಮೀನಿನ ವಾಸನೆ ಹಿಡಿದ್ರೆ ಅಮ್ಮ ಬೇಜಾರು ಮಾಡ್ಕೋತಾರೆ.

ಹದ ಉರಿ, ಎರಡು ಚಮಚ ಎಣ್ಣೆ. ಎಣ್ಣೆ ತೆಳ್ಳಗೆ ಅಲೆಯಾಡೋ ಹೊತ್ತಿಗೆ ಮೀನನ್ನ ಚರ್ಮ ಕೆಳಗೆ ಮಾಡಿ, ನಿಮ್ಮಿಂದ ಆಚೆ ಬೀಳೋ ಹಾಗೆ ಇಳಿಸಿ. ಇಟ್ಟ ತಕ್ಷಣ ಚರ್ಮ ಮುದುಡುತ್ತೆ, ತುಂಡು ಬಿಲ್ಲಿನಂತೆ ಬಾಗುತ್ತೆ. ಸಟ್ಟುಗದಿಂದ 15 ಸೆಕೆಂಡು ಮೇಲಿಂದ ಒತ್ತಿ ಹಿಡೀರಿ. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಳ್ಳಿ. ಅಲ್ಲಾಡಿಸೋದು, ಎತ್ತಿ ನೋಡೋದು ಏನೂ ಮಾಡ್ಬೇಡಿ. ಕಚ್ಚಿಕೊಂಡಿರೋ ಚರ್ಮ ಗರಿಯಾದಾಗ ತಾನಾಗೇ ಬಿಡುತ್ತೆ. ನೀವು ಹೋದ ತಿಂಗಳು ಬಿಡೋಕೆ ಮುಂಚೆ ಎಬ್ಬಿಸಿದೀರಿ.

ನೋಡಬೇಕಾದ್ದು ತುಂಡಿನ ಪಕ್ಕ. ಕೆಳಗಿಂದ ಬಣ್ಣ ತಿಳಿಯಾಗ್ತಾ ಮೇಲೆ ಏರುತ್ತೆ. ಎರಡೂವರೆ ಸೆಂಟಿಮೀಟರ್ ದಪ್ಪ ಇದ್ದರೆ ಐದರಿಂದ ಆರು ನಿಮಿಷ. ಮುಕ್ಕಾಲು ಭಾಗ ಏರಿದಾಗ ಮಗುಚಿ, ಒಂದು ನಿಮಿಷ, ಇಳಿಸಿ. ಹೋಟೆಲಿನಲ್ಲಿ ನಾವು ಒಳಗಿನ ಶಾಖ 52 ಡಿಗ್ರಿಗೆ ಇಳಿಸ್ತೀವಿ, ನಡು ಇನ್ನೂ ಮೆತ್ತಗೆ ಇರುತ್ತೆ. ನಿಮ್ಮ ಅಜ್ಜಿಗೆ ಹಾಗೆ ಕೊಡಬೇಡಿ. ವಯಸ್ಸಾದವರಿಗೆ, ಬಸುರಿಯರಿಗೆ, ಸಣ್ಣ ಮಕ್ಕಳಿಗೆ 63 ಡಿಗ್ರಿ, ಅಂದ್ರೆ ಪೂರ್ತಿ ಬೇಯಬೇಕು. ಥರ್ಮಾಮೀಟರ್ ಇಲ್ಲದಿದ್ರೆ ಚಾಕು ತುದಿಯಿಂದ ಬಿಡಿಸಿ ನೋಡಿ, ಎಸಳು ಎಸಳಾಗಿ ಬಿಡಬೇಕು, ನಡುವೆ ಗಾಜಿನಂಥ ಹೊಳಪು ಇರಬಾರದು.

ಆರು ತುಂಡು ಒಟ್ಟಿಗೆ ಹಾಕಬೇಡಿ. ಮೂರು ಮೂರು.

ಹಾಸನ_ಆಲೂ

ಆಲೂಗಡ್ಡೆ ಅಂದಮೇಲೆ ನಾನು ಸುಮ್ಮನಿರೋದು ಹೇಗೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹಾಸನದ ಸುತ್ತ ಆಲೂಗಡ್ಡೆ ಬೆಳೀತೀವಿ, ಜಲಂಧರ್ ಬೀಜ ತಂದು ಮುಂಗಾರಿಗೆ ನೆಡೋದು.

ಜುಲೈನಲ್ಲಿ ನಮ್ಮ ಹೊಸ ಬೆಳೆ ಇನ್ನೂ ಮಣ್ಣಲ್ಲೇ ಇರುತ್ತೆ. ಈಗ ಅಂಗಡಿಯಲ್ಲಿ ಸಿಗೋದು ಬಹುಪಾಲು ಕೋಲ್ಡ್ ಸ್ಟೋರೇಜಿನ ಮಾಲು. ತಂಪಲ್ಲಿ ಇಟ್ಟ ಆಲೂಗಡ್ಡೆಯ ಪಿಷ್ಟ ಸ್ವಲ್ಪ ಸಕ್ಕರೆ ಆಗಿರುತ್ತೆ. ಅದಕ್ಕೆ ಹುರಿದ್ರೆ ಬೇಗ ಕಪ್ಪಾಗುತ್ತೆ, ಒಳಗೆ ಬೆಂದಿರಲ್ಲ. ಹಾಗಾಗಿ ಈ ತಟ್ಟೆಗೆ ಹುರಿದ ಆಲೂಗಡ್ಡೆ ಬೇಡ, ಬೇಯಿಸಿ ನುಣ್ಣಗೆ ಮಾಡಿ.

ಆರು ಜನಕ್ಕೆ 750 ಗ್ರಾಂ. ಸಿಪ್ಪೆ ಸಮೇತ ಉಪ್ಪು ನೀರಲ್ಲಿ ಬೇಯಿಸಿ, ಕುಕ್ಕರ್ ಬೇಡ, ನೀರು ಕುಡಿದು ಒಡೀತದೆ. ಬಿಸಿ ಇರುವಾಗಲೇ ಸುಲಿದು ಶಾವಿಗೆ ಒರಳಿಗೆ ಹಾಕಿ ಒತ್ತಿ. ಹೌದು, ಅಕ್ಕಿ ಶಾವಿಗೆ ಒತ್ತೋ ಅದೇ ಒರಳು, ಸಣ್ಣ ತೂತಿನ ಬಿಲ್ಲೆ. ಇದಕ್ಕೆ ಅಂತಲೇ ಬೇರೆ ಸಾಮಾನು ಮಾರ್ತಾರೆ, ನಮ್ಮ ಮನೆಗಳಲ್ಲಿ ಅದು ಅಜ್ಜಿ ಕಾಲದಿಂದ ಇದೆ. ಒಂದು ಗಂಟೂ ಇರಲ್ಲ. ಮಿಕ್ಸಿಗೆ ಮಾತ್ರ ಹಾಕಬೇಡಿ, ಬ್ಲೇಡು ಪಿಷ್ಟದ ಕಣ ಒಡೆದು ಗೋಂದಿನ ಥರ ಎಳೆ ಎಳೆ ಆಗುತ್ತೆ, ಆಮೇಲೆ ಸರಿ ಮಾಡೋಕೆ ದಾರಿಯಿಲ್ಲ.

ಒತ್ತಿದ್ದಕ್ಕೆ ಮೊದಲು 100 ಗ್ರಾಂ ಬೆಣ್ಣೆ, ಆಮೇಲೆ ಬಿಸಿ ಹಾಲು 150 ಮಿಲಿ, ಸ್ವಲ್ಪ ಸ್ವಲ್ಪವಾಗಿ. ಹಾಲು ತಣ್ಣಗಿದ್ರೆ ಹಿಟ್ಟಿನ ರುಚಿ ಬರುತ್ತೆ. ಚಮಚದಿಂದ ಬಿದ್ದಾಗ ಗುಡ್ಡೆಯಾಗಿ ನಿಂತು ನಿಧಾನವಾಗಿ ತಗ್ಗಬೇಕು. ಅದು ಹದ.

ಹೇಮಾವತಿ_ದಂಡೆ

ಎಲ್ಲಾ ಓದಿದೆ, ತುಂಬಾ ಚೆನ್ನಾಗಿದೆ. ಆದ್ರೆ ಒಂದು ಮಾತು ಕೇಳ್ಬೇಕು. ಮನೆ ಊಟಕ್ಕೆ ಹೋಟೆಲ್ ಥರ ತಟ್ಟೆ ಅಲಂಕಾರ ಯಾಕೆ? ಚಂದವಾಗಿ ಬಡಿಸೋದು ನಮಗೆ ಹೊಸದಲ್ಲ. ಬಾಳೆ ಎಲೆ ತುದಿ ಉಣ್ಣೋರ ಎಡಕ್ಕೆ, ಮೇಲಿನ ಅರ್ಧದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಕೆಳಗಿನ ಅರ್ಧದಲ್ಲಿ ಅನ್ನ. ಯಾವುದು ಯಾವುದಕ್ಕೆ ತಾಗಬಾರದು, ಯಾವುದು ಕೈಗೆ ಹತ್ತಿರ ಇರಬೇಕು ಅಂತ ಯೋಚಿಸಿ ಮಾಡಿದ ಕ್ರಮ ಅದು. ಸಕಲೇಶಪುರದ ನಮ್ಮ ಮನೆಯಲ್ಲಿ ಈಗಲೂ ಹಬ್ಬಕ್ಕೆ ಅದೇ. ಬಡಿಸೋರು ಸಾಲಿನಲ್ಲಿ ಬರ್ತಾ ಇರೋದೇ ಊಟದ ಸಂತೋಷ. ತಟ್ಟೆಯಲ್ಲಿ ಎಲ್ಲಾ ಕಟ್ಟಿ ತಂದಿಟ್ಟರೆ ಇನ್ನೊಂಚೂರು ಹಾಕಿಸ್ಕೊಳ್ಳೋ ಸುಖ ಎಲ್ಲಿ?

ಆಲ್ದೂರಿನ_ಅಡುಗೆಮನೆ

ನೀವು ಕೇಳಿದ್ದು ಸರಿ, ಉತ್ತರ ಕೊಡ್ಬೇಕು ಅಂತ ರಾತ್ರಿಯೆಲ್ಲಾ ಯೋಚಿಸಿದೆ.

ನಮ್ಮ ಮನೆಯಲ್ಲಿ ಬಡಿಸೋರು ಅಂದ್ರೆ ಅಮ್ಮ. ನನಗೆ ಬುದ್ಧಿ ಬಂದಾಗಿಂದ ಅವರು ನಮ್ಮ ಜೊತೆ ಕೂತು ಉಂಡಿದ್ದು ನೆನಪಿಲ್ಲ. ಕಾಫಿ ಹಣ್ಣು ಕೊಯ್ಲಿನ ಕಾಲಕ್ಕೆ ಬಂದುಹೋಗೋರು ಜಾಸ್ತಿ, ಅವರಿಗೆಲ್ಲಾ ಆಗಿ, ಅಜ್ಜಿಗೆ ಆಗಿ, ನಮಗೆ ಆಗಿ, ಕೊನೆಗೆ ಒಲೆ ಪಕ್ಕದ ಮಣೆ ಮೇಲೆ ಅವರ ಊಟ. ಎಷ್ಟು ಹೇಳಿದ್ರೂ "ನೀವು ಉಣ್ಣಿ, ನಾನು ಬಡಿಸ್ತೀನಿ" ಅಂತಲೇ. ಕೂತರೂ ಎದ್ದುಬಿಡ್ತಾರೆ, ಸಾರು ತರ್ತೀನಿ, ತುಪ್ಪ ತರ್ತೀನಿ ಅಂತ.

ಅಡುಗೆಮನೆಯಿಂದಲೇ ಆರು ತಟ್ಟೆ ಪೂರ್ತಿಯಾಗಿ ಬಂದ್ರೆ ಬಡಿಸೋಕೆ ಏನೂ ಉಳಿಯಲ್ಲ. ಅವರು ಏಳೋಕೆ ಕಾರಣವೇ ಇರಲ್ಲ. ಅದಕ್ಕೇ ನನಗೆ ಈ ಊಟ ಬೇಕು. ಚಂದ ಕಾಣಬೇಕು ಅನ್ನೋ ಆಸೆಯೂ ಇದೆ, ಸುಳ್ಳು ಹೇಳಲ್ಲ. ಒಂದೇ ಒಂದು ಸಲ ಅವರ ಮುಂದೆ ಯಾರೋ ಕಷ್ಟಪಟ್ಟು ಜೋಡಿಸಿದ ತಟ್ಟೆ ಇಡಬೇಕು.

ಹೇಮಾವತಿ_ದಂಡೆ

ಗೊತ್ತಾಯ್ತು ಕಣಮ್ಮ. ಮಾಡು. ನಮ್ಮಮ್ಮನೂ ಹಾಗೇ ಇದ್ರು.

ಕಾಳುಮೆಣಸು_ಬಳ್ಳಿ

ಸಾಸ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ. ಕೊಬ್ಬಿನ ಮೀನಿಗೆ ಹುಳಿ ಬೇಕೇ ಬೇಕು, ನಿಮ್ಮಲ್ಲಿ ಗಜನಿಂಬೆ ಇರೋದು ಪುಣ್ಯ. ಅದರ ಸಿಪ್ಪೆಯ ಘಮ ಪೇಟೆ ನಿಂಬೆಗೆ ಬರಲ್ಲ.

ಎರಡು ಸಾಂಬಾರ್ ಈರುಳ್ಳಿ ಸಣ್ಣಗೆ ಹೆಚ್ಚಿ, ಮೂರು ಚಮಚ ಗಜನಿಂಬೆ ರಸ, ಮೂರು ಚಮಚ ನೀರು ಹಾಕಿ ಎರಡು ಚಮಚಕ್ಕೆ ಇಳಿಯೋ ತನಕ ಕುದಿಸಿ. ಉರಿ ತೀರಾ ಸಣ್ಣ ಮಾಡಿ. ಉಪ್ಪಿಲ್ಲದ ಬೆಣ್ಣೆ 150 ಗ್ರಾಂ, ಫ್ರಿಜ್‌ನಿಂದ ಆಗಷ್ಟೇ ತೆಗೆದಿದ್ದು, ಸಣ್ಣ ಚೌಕಗಳಾಗಿ ಕತ್ತರಿಸಿದ್ದು, ಒಂದು ಕರಗಿದ ಮೇಲೆ ಇನ್ನೊಂದು ಹಾಕ್ತಾ ಬಿಡದೆ ಕಡೀತಾ ಇರಿ. ಕೆನೆಯಂತೆ ಕೂಡಿಕೊಳ್ಳುತ್ತೆ. ಕುದಿ ಬಂತೋ ಒಡೆದು ತುಪ್ಪ ಬೇರೆ, ನೀರು ಬೇರೆ. ಒಡೀತಿದೆ ಅನ್ನಿಸಿದ ಕೂಡಲೇ ಒಲೆಯಿಂದ ಇಳಿಸಿ ಒಂದು ಚಮಚ ತಣ್ಣೀರು ಹಾಕಿ ಜೋರಾಗಿ ಕಡೀರಿ, ಬಹಳ ಸಲ ವಾಪಸ್ ಬರುತ್ತೆ. ಕೊನೆಗೆ ಸೋಸಿ, ಸಿಪ್ಪೆ ಸ್ವಲ್ಪ ತುರಿದು ಹಾಕಿ. ಬಿಳಿ ಭಾಗ ತುರೀಬೇಡಿ, ಕಹಿ.

ಮೆಣಸು ಬಿಳಿಯದ್ದೇ ಹಾಕಿ. ಅಂಗಡಿಯದ್ದು ಬೇಡ. ನಾವು ಮೆಣಸು ಕೊಯ್ಲಿನಲ್ಲಿ ಬಳ್ಳಿಯಲ್ಲೇ ಕೆಂಪಾದ ಹಣ್ಣು ಬೇರೆ ತೆಗೆದು ವಾರಗಟ್ಟಲೆ ನೀರಲ್ಲಿ ನೆನೆಸಿ, ದಿನಾ ನೀರು ಬದಲಾಯಿಸಿ, ಸಿಪ್ಪೆ ಉಜ್ಜಿ ತೆಗೆದು ಒಣಗಿಸಿಟ್ಟುಕೊಳ್ತೀವಿ. ಇದ್ದರೆ ನಿಮ್ಮ ಅಪ್ಪನಲ್ಲಿ ಕೇಳಿ, ಇಲ್ಲದಿದ್ರೆ ಕರಿ ಮೆಣಸನ್ನೇ ಕೊನೆಗೆ ಕುಟ್ಟಿ ಉದುರಿಸಿ.

ಘಟ್ಟದ_ಕೆಳಗಿನವ

ಬೆಣ್ಣೆ ಮೇಲೆ ಬೆಣ್ಣೆ ಆಯಿತಲ್ಲ? ಆಲೂಗಡ್ಡೆಯಲ್ಲಿ 100 ಗ್ರಾಂ, ಸಾಸಿನಲ್ಲಿ 150. ತೆಂಗಿನ ದಪ್ಪ ಹಾಲು ಬಿಸಿ ಮಾಡಿ, ಶುಂಠಿ, ಒಂದು ಜೀರಿಗೆ ಮೆಣಸು ಸೀಳಿ ಹಾಕಿ, ಒಲೆಯಿಂದ ಇಳಿಸಿದ ಮೇಲೆ ಹುಳಿ ಹಿಂಡಿ. ಕುದಿಯುವಾಗ ಹಿಂಡಿದರೆ ಒಡೆಯುತ್ತದೆ. ನಮ್ಮ ನಾಲಿಗೆಗೆ ಇದೇ ಹತ್ತಿರ.

ಕಾಳುಮೆಣಸು_ಬಳ್ಳಿ

ಒಪ್ಪಿದೆ, ಅಜ್ಜಿಗೂ ಅದೇ ಹಗುರ. ಬೆಣ್ಣೆ ಸಾಸ್ ತಲೆಗೆ ಒಂದೂವರೆ ಚಮಚ ಮೀರದಿದ್ರೆ ನಡೆಯುತ್ತೆ.

ರಾತ್ರಿಪಾಳಿ_ಕುಕ್

ತರಕಾರಿ, ಬೇಗ ಹೇಳ್ತೀನಿ. ಬೀನ್ಸ್ ತೊಟ್ಟು ತೆಗೆದು ಉದ್ದಕ್ಕೇ ಇಡಿ. ಚೆನ್ನಾಗಿ ಉಪ್ಪು ಹಾಕಿದ ಕುದಿಯೋ ನೀರಲ್ಲಿ ಮುಚ್ಚದೆ ಮೂರು ನಿಮಿಷ, ತಕ್ಷಣ ಐಸ್ ನೀರಿಗೆ. ಬಡಿಸೋ ಹೊತ್ತಿಗೆ ಬೆಣ್ಣೆಯಲ್ಲಿ ಅರ್ಧ ನಿಮಿಷ ಹೊರಳಾಡಿಸಿ. ಹುಳಿ ಮೊದಲೇ ತಾಗಿಸಬೇಡಿ, ಹಸಿರು ಹೋಗಿ ಮಿಲಿಟರಿ ಬಣ್ಣ ಬರುತ್ತೆ. ಕ್ಯಾರೆಟ್ ಓರೆಯಾಗಿ ಹೆಚ್ಚಿ, ಮುಳುಗೋಕೆ ಸ್ವಲ್ಪ ಕಮ್ಮಿ ನೀರು, ಬೆಣ್ಣೆ, ಚಿಟಿಕೆ ಸಕ್ಕರೆ, ಉಪ್ಪು. ನೀರು ಆರೋ ಹೊತ್ತಿಗೆ ಬೆಂದು ಹೊಳಪು ಕಟ್ಟಿರುತ್ತೆ.

ಬೀಟ್ರೂಟ್ ಬಿಟ್ಟುಬಿಡಿ ಅನ್ನೋಣ ಅಂದುಕೊಂಡೆ. ಬೇಕೇ ಬೇಕು ಅಂದ್ರೆ ಇಡಿಯಾಗಿ ಸಿಪ್ಪೆ ಸಮೇತ ಬೇಯಿಸಿ, ಆರಿಸಿ, ಸಣ್ಣ ಚೌಕ ಮಾಡಿ ಬಟ್ಟೆ ಮೇಲೆ ಹರಡಿ ಒಣಗಿಸಿ. ಎಲ್ಲಾ ಆದಮೇಲೆ ತಟ್ಟೆಗೆ ಮೂರೇ ಮೂರು ಚೂರು.

ಇನ್ನು ಜೋಡಿಸೋದು. ಮಳೆಗಾಲದ ಮಲೆನಾಡಲ್ಲಿ ಪಿಂಗಾಣಿ ತಟ್ಟೆ ಕಲ್ಲಿನಂತೆ ತಣ್ಣಗಿರುತ್ತೆ. ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಮುಳುಗಿಸಿ ಒರೆಸಿ, ಇಲ್ಲದಿದ್ರೆ ಮೇಜಿಗೆ ಹೋಗೋಕೆ ಮುಂಚೆ ಬೆಣ್ಣೆ ಹೆಪ್ಪುಗಟ್ಟಿರುತ್ತೆ. ಬಿಳಿ, ಅಗಲ, ಅಂಚಿನಲ್ಲಿ ಹೂವಿಲ್ಲದ ತಟ್ಟೆ ಇದ್ದರೆ ಒಳ್ಳೇದು.

ಆಲೂಗಡ್ಡೆ ಎರಡು ಚಮಚ, ನಟ್ಟನಡುವೆ ಬೇಡ, ಸ್ವಲ್ಪ ಎಡಕ್ಕೆ. ಚಮಚದ ಬೆನ್ನಿನಿಂದ ಒತ್ತಿ ಬಲಕ್ಕೆ ಒಂದೇ ಎಳೆತ, ಎರಡನೇ ಸಲ ಸವರಬೇಡಿ. ಬೀನ್ಸ್ ಐದಾರು, ಒಂದೇ ದಿಕ್ಕಿಗೆ ಮಲಗಿಸಿ. ಮೀನು ಆಲೂಗಡ್ಡೆಗೆ ಅರ್ಧ ಒರಗಿ, ಅರ್ಧ ಬೀನ್ಸ್ ಮೇಲೆ, ಚರ್ಮ ಮೇಲೆ. ಸಾಸ್ ಮೀನಿನ ಪಕ್ಕದಲ್ಲಿ, ತಗ್ಗಿನಲ್ಲಿ. ಚರ್ಮದ ಮೇಲೆ ಒಂದು ಹನಿ ಬಿದ್ರೂ ನೀವು ಮೂರು ಸಲ ಒರೆಸಿದ್ದು ವ್ಯರ್ಥ. ಕ್ಯಾರೆಟ್ ಮೂರು ಅಥವಾ ಐದು. ತಟ್ಟೆಯ ಮೂರನೇ ಒಂದು ಭಾಗ ಖಾಲಿ ಬಿಡಿ, ತುಂಬಿಸಬೇಕು ಅಂತ ಕೈ ತುಡಿಯುತ್ತೆ, ತಡೀರಿ. ಕೊನೆಗೆ ಒದ್ದೆ ಬಟ್ಟೆಯಿಂದ ಅಂಚು ಒರೆಸಿ. ಟೊಮೆಟೊ ಗುಲಾಬಿ, ಸೌತೆಕಾಯಿ ಎಲೆ ಇಂಥವು ಬೇಡ. ತಿನ್ನೋಕೆ ಆಗದ್ದು, ಮೀನಿಗೆ ಸಂಬಂಧ ಇಲ್ಲದ್ದು ತಟ್ಟೆಗೆ ಬರಬಾರದು.

ಒಂದು ತಟ್ಟೆಯನ್ನ ಹಿಂದಿನ ದಿನ ಅನ್ನ, ಪಲ್ಯ ಹಾಕಿ ಜೋಡಿಸಿ ಅಭ್ಯಾಸ ಮಾಡಿ. ನಾನೂ ಹಾಗೇ ಕಲಿತದ್ದು.

ಹಾಸನ_ಆಲೂ

ಅಣ್ಣ ತರೋ ಮೀನು ದಾರಿಯಲ್ಲಿ ಕರಗದ ಹಾಗೆ ನೋಡ್ಕೊಳ್ಳಿ. ಐಸ್‌ಬಾಕ್ಸ್ ತುಂಬಾ ಐಸ್ ಇರಲಿ. ನನಗೆ ಒಂದು ಸಲ ಪಾರ್ಸೆಲ್‌ನಲ್ಲಿ ಬಂದ ಮೀನು ಹಾಸನ ಮುಟ್ಟೋ ಹೊತ್ತಿಗೆ ಮೆತ್ತಗಾಗಿ ವಾಸನೆ ಬಂದಿತ್ತು, ಅಷ್ಟೂ ಗುಂಡಿಗೆ ಹಾಕಿದೆ. ಕರಗಿದ್ದನ್ನ ಮತ್ತೆ ಫ್ರೀಜ್ ಮಾಡಬೇಡಿ.

ಆಲ್ದೂರಿನ_ಅಡುಗೆಮನೆ (ಸೋಮವಾರ)

ಎಲ್ಲರಿಗೂ ಹೇಳ್ಬೇಕು ಅಂತ ಬೆಳಿಗ್ಗೆಯಿಂದ ಕಾಯ್ತಿದ್ದೆ, ಕರೆಂಟ್ ಇರಲಿಲ್ಲ.

ಭಾನುವಾರ ಸಂಜೆ ಏಳು ಗಂಟೆಗೇ ಕರೆಂಟ್ ಹೋಯ್ತು. ಮಳೆ ಸುರೀತಿತ್ತು. ಅತ್ತಿಗೆ ಟಾರ್ಚ್ ಹಿಡ್ಕೊಂಡು ನಿಂತ್ರು, ಅಣ್ಣ ಶಾವಿಗೆ ಒರಳು ಒತ್ತಿದ. ಬಾಣಲೆಗೆ ಮೀನು ಹಾಕಿದಾಗ ಟಾರ್ಚ್ ಬೆಳಕು ಪಕ್ಕದಿಂದ ಬೀಳ್ತಿದ್ದರಿಂದ, ಕಿತ್ತಳೆ ಬಣ್ಣ ತಿಳಿಯಾಗ್ತಾ ಕೂದಲೆಳೆಯಷ್ಟು ಮೇಲೇರೋದು ಎಷ್ಟು ಸ್ಪಷ್ಟವಾಗಿ ಕಾಣ್ತು ಅಂದ್ರೆ, ನಾವಿಬ್ಬರೂ ಮಾತಾಡದೆ ಅದನ್ನೇ ನೋಡ್ತಾ ನಿಂತ್ವಿ. ಐದನೇ ನಿಮಿಷಕ್ಕೆ ಸಟ್ಟುಗ ತಾಗಿಸಿದೆ, ತುಂಡು ಜಾರಿತು. ತಾನಾಗೇ ಬಿಟ್ಟಿತ್ತು! ಮೊದಲ ಮೂರೂ ಹಾಗೇ ಬಂದವು. ಎರಡನೇ ಸರದಿಯಲ್ಲಿ ಒಂದು ಕಚ್ಚಿಕೊಂಡಿತು, ಬಾಣಲೆ ಸರಿಯಾಗಿ ಒರೆಸಿರಲಿಲ್ಲ. ಅದನ್ನ ನಾನು ತಗೊಂಡೆ. ಬಿಳಿ ಪದಾರ್ಥ ಅಂಚಿನಲ್ಲಿ ಒಂದೆರಡು ಚುಕ್ಕೆ ಬಿಟ್ರೆ ಬರಲೇ ಇಲ್ಲ.

ಬೆಣ್ಣೆ ಸಾಸ್ ಒಡೀತು. ತಣ್ಣೀರು ಹಾಕಿ ಕಡೆದೆ, ವಾಪಸ್ ಬಂತು. ಅಜ್ಜಿಗೆ ತೆಂಗಿನಹಾಲಿನದು ಮಾಡಿದ್ದೆ, ಮೀನೂ ಪೂರ್ತಿ ಬೇಯಿಸಿದ್ದೆ. ಬೀಟ್ರೂಟ್ ಹಾಕಲಿಲ್ಲ.

ಆರೂ ತಟ್ಟೆ ಒಟ್ಟಿಗೆ ತಂದಿಟ್ವಿ. ಅಮ್ಮ ಅಭ್ಯಾಸಬಲಕ್ಕೆ ಎದ್ದರು. "ಏನು ತರ್ಲಿ?" ಅಂದ್ರು. ಅಪ್ಪ ಸುತ್ತ ನೋಡಿ "ಎಲ್ಲಾ ಇದೆಯಲ್ಲ, ಕೂತ್ಕೋ" ಅಂದ್ರು. ಒಂದು ನಿಮಿಷ ಹಾಗೇ ನಿಂತಿದ್ದು, ಸೆರಗು ಸರಿ ಮಾಡ್ಕೊಂಡು ಕೂತ್ರು. ಮೀನು ಮುರಿಯೋಕೆ ಮನಸ್ಸಾಗದೆ ಸ್ವಲ್ಪ ಹೊತ್ತು ತಟ್ಟೆಯನ್ನ ಆ ಕಡೆ ಈ ಕಡೆ ತಿರುಗಿಸಿ ನೋಡ್ತಿದ್ರು. ಅಪ್ಪ ಮೊದಲು ಚರ್ಮ ತಿಂದ್ರು, ಹಪ್ಪಳದ ಥರ ಸದ್ದು ಬಂತು. ಜೀರಿಗೆ ಮೆಣಸಿನ ಚಟ್ನಿ ಬಟ್ಟಲು ಮೇಜು ಪೂರ್ತಿ ಸುತ್ತಾಡಿತು, ಅಮ್ಮ ಎರಡು ಸಲ ಹಾಕ್ಕೊಂಡ್ರು. ಅಜ್ಜಿಯ_ಒಲೆ ಅಮ್ಮ, ನಿಮಗೆ ವಿಶೇಷ ನಮಸ್ಕಾರ.

ಅಜ್ಜಿಯ_ಒಲೆ

ಓದಿ ಕಣ್ಣು ತುಂಬಿತು ತಂಗಿ. ನಿಮ್ಮಮ್ಮನಿಗೆ ನನ್ನ ಆಶೀರ್ವಾದ ತಿಳಿಸು.

ಕಡೂರು_ಎಕ್ಸ್‌ಪ್ರೆಸ್

ನಾನೂ ಈ ಸಲ ಬೆಂಗಳೂರಿಗೆ ಹೋದಾಗ ಎರಡು ತುಂಡು ತರ್ತೀನಿ. ರಾತ್ರಿಪಾಳಿಯವರೇ, ಆಮೇಲೆ ನಿಮ್ಮನ್ನ ಬಿಡಲ್ಲ.

ಆಲ್ದೂರಿನ_ಅಡುಗೆಮನೆ

ಒಂದೇ ಒಂದು ಕೊನೆ ಪ್ರಶ್ನೆ. ಅಣ್ಣ ಎಂಟು ತುಂಡು ತಂದಿದ್ದ, ಎಂಟೂ ಹುರಿದುಬಿಟ್ಟೆ. ಉಳಿದ ಎರಡನ್ನ ರಾತ್ರಿ ಊಟ ಆದ ಕೂಡಲೇ ಡಬ್ಬಿಗೆ ಹಾಕಿ ಐಸ್‌ಬಾಕ್ಸಿನ ಐಸಲ್ಲಿ ಹೂತಿಟ್ಟಿದ್ದೆ, ಈಗಲೂ ಐಸ್ ಹಾಗೇ ಇದೆ. ಮತ್ತೆ ಬಿಸಿ ಮಾಡಿದ್ರೆ ಒಣಗುತ್ತಲ್ವಾ?

ರಾತ್ರಿಪಾಳಿ_ಕುಕ್

ಒಣಗುತ್ತೆ, ವಾಸನೆಯೂ ಏಳುತ್ತೆ. ಐಸಲ್ಲೇ ಇದ್ದಿದ್ದರಿಂದ ತೊಂದರೆ ಇಲ್ಲ, ನಾಳೆ ಬೆಳಿಗ್ಗೆಯೊಳಗೆ ಮುಗಿಸಿ. ಚರ್ಮ ತೆಗೆದು ಕೈಯಲ್ಲೇ ಎಸಳು ಬಿಡಿಸಿ. ಈರುಳ್ಳಿ, ಸಬ್ಬಸಿಗೆ, ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಬೆರೆಸಿ, ಒಂದು ಹನಿ ಗಜನಿಂಬೆ. ಬಿಸಿ ಅಕ್ಕಿರೊಟ್ಟಿ ಮೇಲೆ ಹಾಕಿ ಮಡಚಿ, ರೊಟ್ಟಿಯ ಶಾಖವೇ ಸಾಕು.

ಆಲ್ದೂರಿನ_ಅಡುಗೆಮನೆ

ಸಬ್ಬಸಿಗೆ ಹಿತ್ತಲಲ್ಲೇ ಇದೆ. ಬೆಳಿಗ್ಗೆ ಆರಕ್ಕೆ ರೊಟ್ಟಿ ಹಿಟ್ಟಿಗೆ ನೀರು ಇಡ್ತೀನಿ. ಅಮ್ಮ ಏಳೋಕೆ ಮುಂಚೆ.